ನಾಲ್ಕನೆಯದು

ಒಂದು ಎರಡು ಮೂರು, ಐದು ಆರು ಏಳು
ಎಂದರು ಮೇಷ್ಟ್ರು, ಮಡಿಕೇರಿ ಕಡೆಯ ಹುಡುಗ, ಬೆಳ್ಳಿಯಪ್ಪ.
ನಾಲ್ಕು ಎಲ್ಲಿಗೆ ಹೋಯ್ತು ಸಾರ್, ಎಂದೆ.
ಹಿಂದೆ ಯಾರೋ ನಕ್ಕರು.
ಇಪ್ಪತ್ತೆರಡು ವರ್ಷ ಮಂಡ್ಯದಲ್ಲಿ
ಕಬ್ಬಿನ ಗಾಡಿಗಳ ತೂಕದ ಮನೆಯಲ್ಲಿ ಕೂತವಳು ನಾನು,
ಒಂದು ಅಂಕಿ ಬಿಟ್ಟುಹೋದರೆ
ರಾತ್ರಿ ನಿದ್ದೆ ಹತ್ತುವುದಿಲ್ಲ.
ನಾಲ್ಕರಲ್ಲಿ ಸುಮ್ಮನೆ ಇರಬೇಕು ಮೇಡಂ, ಅಂದರು.
ಸುಮ್ಮನೆ ಇರುವುದಕ್ಕೆ
ರೈಲು ಹಿಡಿದು ಮೈಸೂರಿಗೆ ಬರಬೇಕಿತ್ತೆ?

ಯಾದವಗಿರಿಯ ಒಂದು ಛತ್ರದ ಊಟದ ಮನೆ.
ಮದುವೆ ಇದ್ದ ವಾರ ಸಾಲ್ಸಾ ಇಲ್ಲ.
ಮದುವೆಯ ಮರುದಿನ ನೆಲ ಜಾರುತ್ತದೆ,
ತುಪ್ಪವೋ ಪಾಯಸವೋ.
ಟ್ಯಾಂಗೋಗೆ ಅದೇ ಒಳ್ಳೇದು, ಎನ್ನುತ್ತಾರೆ ಜಬೀವುಲ್ಲಾ.

ಜಬೀವುಲ್ಲಾ ಮಂಡಿ ಮೊಹಲ್ಲಾದವರು.
ಬೀಟೆ ಹಲಗೆಯಲ್ಲಿ ಗುಳಿ ತೋಡಿ
ಹಲಸು, ಮಾವು, ಅರಿಶಿನತೇಗದ ಚೂರು ಕೂರಿಸುವ ಕೆಲಸ;
ನವಿಲಿನ ಕತ್ತಿಗೆ ಒಂದು ಮರ, ಕಣ್ಣಿಗೆ ಇನ್ನೊಂದು.
ಹದಿನಾರರಲ್ಲಿ ಯಾವುದೋ ಹಳೆ ಹೋಟೆಲಿನ
ಕುಣಿಯುವ ನೆಲದ ರಿಪೇರಿಗೆ ಹೋಗಿ
ಮೂಲೆಯಲ್ಲಿ ಮಂಡಿಯೂರಿ ಉಜ್ಜುತ್ತಾ
ವಾಲ್ಟ್ಸ್ ನೋಡಿದ್ದರಂತೆ, ಮೊಣಕಾಲಿನವರೆಗೆ ಮಾತ್ರ.
ಪಾದ ಎಲ್ಲಿಡಬೇಕು, ಅವರಿಗೆ ಗೊತ್ತು.
ಕೈ ಎಲ್ಲಿಡಬೇಕು, ಗೊತ್ತಿಲ್ಲ.
ಮೊದಲ ವಾರವೆಲ್ಲ ನನ್ನ ಬೆನ್ನ ಹಿಂದೆ
ಅಂಗೈಯನ್ನು ಗಾಳಿಯಲ್ಲೇ ಇಟ್ಟುಕೊಂಡಿದ್ದರು,
ಪಾಲಿಶ್ ಒಣಗದ ಕುರ್ಚಿಯ ಹತ್ತಿರ
ನಿಂತವರ ಹಾಗೆ.

ನನ್ನದು ಉಲ್ಟಾ. ನನಗೆ ಕೈ ಗೊತ್ತು.
ಕೀಲಾರದ ನಮ್ಮ ಸೋದರತ್ತೆ ಕೆಂಪಾಜಮ್ಮ
ಕೋಲಾಟ ಕಲಿಸುವಾಗ ಕಾಲಿನ ಮಾತೇ ಎತ್ತುತ್ತಿರಲಿಲ್ಲ:
ಎದ್ರುಗಿರೋಳ ಕೋಲು ನೋಡ್‌ಬ್ಯಾಡ ಕಣವ್ವ, ಕಣ್ಣು ನೋಡು,
ಕೋಲು ತಾನಾಗೇ ಬತ್ತದೆ.

ಆಗಿದ್ದು ಇಷ್ಟೇ.
ಒಂದು ಮಂಗಳವಾರ, ಒಂದು ಎರಡು ಮೂರು,
ಆ ಖಾಲಿ ನಾಲ್ಕು ಬಂತು,
ನನ್ನ ಬಲಗೈ ನನ್ನನ್ನು ಕೇಳದೆ ಎದ್ದು
ಅವರ ಅಂಗೈಗೆ ಟಪ್ ಎಂದು ಹೊಡೆಯಿತು.
ಬೆಚ್ಚಿ ಹಿಂದಕ್ಕೆ ಸರಿದ ಅವರ ಪಾದ
ವಾಲ್ಟ್ಸಿನ ಪಾದ, ಅದಕ್ಕೆ ಬೇರೆ ದಾರಿ ತಿಳಿಯದು,
ನನ್ನನ್ನೂ ಸುತ್ತಿಸಿಕೊಂಡು ಹೋಯಿತು
ಎಂಜಲೆಲೆ ಎಸೆಯುವ ಬಾಗಿಲಿನ ತನಕ.
ಐದು ಆರು ಏಳು ಎಲ್ಲಿ ಬಿದ್ದವೋ.
ಎಂಟಕ್ಕೆ ಮತ್ತೆ ಟಪ್.

ಮೇಷ್ಟ್ರು ಹಾಡು ನಿಲ್ಲಿಸಿದರು.
ಇದು ಸಾಲ್ಸಾ ಅಲ್ಲ, ಅಂದರು. ಒಪ್ಪಿದೆವು.
ವಾಲ್ಟ್ಸೂ ಅಲ್ಲ. ಅದೂ ಸರಿಯೇ.
ಅತ್ತೆ ಇದ್ದಿದ್ದರೆ ಕೋಲಾಟವೂ ಅಲ್ಲ ಅನ್ನುತ್ತಿದ್ದಳು,
ಕೋಲಿನಲ್ಲೇ ಒಂದು ಬಿಟ್ಟು.

ಆಮೇಲೆ ಏಳು ತಿಂಗಳು. ಎಲ್ಲವೂ ಕೂಡಲಿಲ್ಲ.
ಟ್ಯಾಂಗೋದ ಕೊಕ್ಕೆಗಾಲು ಸೇರಿಸಲು ಹೋಗಿ
ನನ್ನ ಹೆಬ್ಬೆರಳ ಉಗುರು ಹೋಯಿತು.
ಬಚಾಟಾದ ಸೊಂಟಕ್ಕೆ ಇಬ್ಬರೂ ನಾಚಿ ಬಿಟ್ಟೆವು.
ಟ್ಯಾಂಗೋದಿಂದ ನಿಲ್ಲುವುದನ್ನು ಮಾತ್ರ ಇಟ್ಟುಕೊಂಡೆವು:
ಗಾಡಿ ಹತ್ತಿದ ಮೇಲೆ ತೂಕದ ಮುಳ್ಳು
ಅಲ್ಲಾಡಿ ಅಲ್ಲಾಡಿ ಒಂದು ಕಡೆ ಕೂರುವವರೆಗೆ
ಉಸಿರು ಹಿಡಿದು ಕಾಯುತ್ತೇವಲ್ಲ, ಹಾಗೆ.
ಮೇಷ್ಟ್ರು ಹೇಳಿದ ಸುಮ್ಮನೆ
ನನಗೆ ಮೊದಲೇ ಬರುತ್ತಿತ್ತು.

ಒಮ್ಮೆ ಅವರ ಕಾರ್ಖಾನೆಗೆ ಹೋದೆ.
ಕಣ್ಣು ಮುಚ್ಚಿ ಬೆರಳಾಡಿಸಿ, ಎಂದು ಹಲಗೆ ಮುಂದಿಟ್ಟರು.
ಯಾವ ಮರ ಎಲ್ಲಿ ಮುಗಿದು
ಯಾವುದು ಶುರುವಾಯಿತೋ, ತಿಳಿಯಲಿಲ್ಲ.
ಸಂದು ಬೆರಳಿಗೆ ಸಿಕ್ಕರೆ
ನಮ್ಮ ಅಬ್ಬಾ ಹಲಗೇನೇ ಒಲೆಗೆ ಹಾಕ್ತಿದ್ರು, ಅಂದರು.
ಹಾಗಾದರೆ ನಮ್ಮದು? ಕೇಳಿದೆ.
ನಮ್ಮದರಲ್ಲಿ ಎಲ್ಲ ಸಂದೂ ಸಿಗುತ್ತವೆ,
ಸಿಗುವುದಷ್ಟೇ ಅಲ್ಲ, ಸದ್ದು ಮಾಡುತ್ತವೆ.
ಅವರು ಉಪ್ಪುಕಾಗದ ಮಡಿಚಿ ಜೇಬಿಗಿಟ್ಟರು.
ಸಿಗಲಿ ಬಿಡಿ. ಅದನ್ನ ಉಜ್ಜೋದು ಬೇಡ.

ಡಿಸೆಂಬರಿನ ಕಾರ್ಯಕ್ರಮಕ್ಕೆ ಫಾರಂ ಕೊಟ್ಟರು.
ಹೆಸರು, ವಯಸ್ಸು, ಜೊತೆಗಾರರು,
ಕೆಳಗೆ: ನೃತ್ಯದ ಶೈಲಿ.
ಜಬೀವುಲ್ಲಾ ನನ್ನ ಮುಖ ನೋಡಿದರು. ನಾನು ಪೆನ್ನು ನೋಡಿದೆ.
ಖಾಲಿ ಬಿಟ್ಟು ಸಹಿ ಹಾಕಿದೆ.

ರಾತ್ರಿ ರೈಲಿನಲ್ಲಿ ಕಿಟಕಿ ಪಕ್ಕ ಸೀಟು.
ಶ್ರೀರಂಗಪಟ್ಟಣ ಒಂದು,
ಪಾಂಡವಪುರ ಎರಡು,
ಯಲಿಯೂರು ಮೂರು,
ಕಣ್ಣು ಬಿಟ್ಟಾಗ ಯಾರೋ ಭುಜ ತಟ್ಟುತ್ತಿದ್ದರು,
ಇಳೀತೀರಾ ಅಕ್ಕ,
ಮದ್ದೂರು.