ಒಳಗೆ ಬಿಟ್ಟ ಬಟ್ಟೆ

ಸೋಮವಾರ ಮತ್ತೆ ಕೌಂಟರಿಗೆ.
ರಜೆ ಮುಗಿಯಿತೆಂದು ಬೀರು ತೆಗೆದರೆ
ಒಳಗೆ ಇನ್ಯಾರದೋ ಬಟ್ಟೆ ಮಡಿಚಿಟ್ಟಿದೆ.
ಇಪ್ಪತ್ತೆಂಟು ಸೊಂಟದ ಒಬ್ಬ ಹುಡುಗಿ,
ಮುಖ ಗುರುತಿದೆ,
ಮಾತಾಡಿಸಿ ವರ್ಷವಾಯಿತು.

ಹತ್ತಿ ಸೀರೆ ಹೇಗೂ ಒಂದೂ ಇಲ್ಲ.
ಹೆತ್ತ ಮಾರನೆ ದಿನವೇ ಒಂದನ್ನು ಅಮ್ಮ ಹೊಟ್ಟೆಗೆ ಬಿಗಿದಳು
ಉಸಿರೂ ಅಪ್ಪಣೆ ಕೇಳಿ ಹೊರಬರುವಂತೆ.
ಉಳಿದವನ್ನು ಚೌಕ ಚೌಕ ಹರಿದು
ಮಗಳ ತಿಕದಡಿ ಹಾಸಿದೆವು.
ಸೋದರತ್ತೆ ಉಡಿಸಿದ ಗಿಳಿಹಸಿರು
ಹಿತ್ತಲ ತಂತಿಯ ಮೇಲೆ ತುಂಡು ತುಂಡಾಗಿ ಒಣಗುತ್ತದೆ,
ಅಂಚು ಮಾತ್ರ ಇನ್ನೂ ಹಟ ಬಿಟ್ಟಿಲ್ಲ.

ನಾಲ್ಕೂವರೆ ಸಾವಿರ. ಅದರ ಮೇಲೆ ಒಂದು ಪೈಸೆ ಇಲ್ಲ
ಎಂದು ಲಕೋಟೆ ಅಂಟಿಸಿದ್ದೆ.
ಸೊಸೈಟಿಯ ಕ್ಯಾಷಿಯರು ನಾನು.
ದಿನಕ್ಕೆ ಮೂರು ಲಕ್ಷ ಎಣಿಸುವ ಬೆರಳು
ತನ್ನದೆಂದಾಗ ಎರಡೆರಡು ಸಲ ಎಣಿಸುತ್ತದೆ.

ಗಾಜಿನ ಹಿಂದೆ ಸೊಂಟದಿಂದ ಮೇಲಷ್ಟೇ ಇರುತ್ತೇನೆ,
ಕೆಳಗಿನದಕ್ಕೆ ಇನ್ನೂರ ಎಂಬತ್ತರ ಲೆಗ್ಗಿಂಗ್ಸ್ ಎರಡು ಸಾಕು.
ನೆರಿಗೆಯೊಳಗೆ ಜಿಪ್ ಬಚ್ಚಿಟ್ಟ ಕುರ್ತಾ ಎರಡು.
ಕಣ್ಣಿಗೆ ಬೀಳದ ಒಳ‌ಉಡುಪಿಗೇ ಸಾವಿರದ ಹತ್ತಿರ ಹೋಯಿತು.
ಹೊಟ್ಟೆಯ ಬಗ್ಗೆ ಊರೇ ಹೇಳಿತ್ತು,
ಪಾದವೂ ಬೆಳೆಯುತ್ತದೆಂದು ಒಬ್ಬರೂ ಹೇಳಲಿಲ್ಲ.
ಚಪ್ಪಲಿ, ಮುನ್ನೂರ ಹತ್ತು.

ಕಸ್ತೂರಬಾ ರಸ್ತೆಯ ಬಟ್ಟೆ ಅಂಗಡಿಯಲ್ಲಿ
ಹುಡುಗ ಹರಡಿದ್ದೇ ಹರಡಿದ್ದು:
ಬೆಣ್ಣೆ ಬಣ್ಣ, ತಿಳಿಗುಲಾಬಿ,
"ಆಫೀಸಿಗೆ ಡೀಸೆಂಟಾಗಿರ್ತದೆ ಮೇಡಂ."
ನನಗಿದ್ದದ್ದು ಒಂದೇ ಪ್ರಶ್ನೆ,
ಅವನನ್ನು ಕೇಳುವಂಥದ್ದಲ್ಲ.
ಗಲ್ಲಾದ ಹೆಂಗಸು ಕನ್ನಡಕ ಏರಿಸಿದಳು.
"ಎಷ್ಟು ತಿಂಗಳು ಮಗೂಗೆ?"
"ಆರು ತುಂಬ್ತು."
"ಪಾಪಣ್ಣಿ, ಆ ಕಡುನೀಲಿ ತಾನು ತೆಗಿ, ಪುಟ್ಟ ಹೂವಿಂದು.
ಹಾಲು ಸೋರಿದ್ರೂ ಇನ್ನೊಂದು ಹೂವು ಅಂತ್ಲೇ ಕಾಣೋದು."
ಮೂರು ಮೀಟರಿನುದ್ದ ಕತ್ತರಿ ಓಡುವಾಗ
ಎದೆ ಜುಮ್ಮೆಂದಿತು.
ಮನೆಯಲ್ಲಿ ಎದ್ದಿರಬೇಕು ಅವಳು.

ಪೆನ್ಷನ್ ಮೊಹಲ್ಲಾ, ಹಲೀಮಕ್ಕನ ಜಗಲಿ.
ಆರು ಸಿಂಥೆಟಿಕ್ ಸೀರೆ ಉಳಿದಿವೆ.
ಸೀರೆಗೆ ಅಳತೆಯ ಹಂಗಿಲ್ಲ, ರವಿಕೆಗಿದೆ.
ಅವಳು ರವಿಕೆ ಒಳಹೊರಗು ಮಾಡಿ ನಕ್ಕಳು:
"ನಿನ್ ಮದ್ವೇಲೇ ಎರಡು ಬೆರಳು ಬಟ್ಟೆ ಬಿಟ್ಟಿದ್ದೆ.
ಬರ್ತೀಯ ಅಂತ ಗೊತ್ತಿತ್ತು."
ಬ್ಲೇಡಿನ ತುದಿಯಲ್ಲಿ ಹೊಲಿಗೆ ಬಿಚ್ಚುತ್ತಾ ಹೋದಳು,
ದಾರ ಇರುವೆ ಸಾಲಿನ ಹಾಗೆ ಉದುರಿತು.
ಒಳಮಡಿಕೆಯಲ್ಲಿ ನೇರಳೆ.
ನಾಲ್ಕು ವರ್ಷದ ಬಿಸಿಲು, ಸೋಪು, ಬೆವರು
ಯಾವುದೂ ಮುಟ್ಟದ ನೇರಳೆ.
ಹೊರಗಿನದು ಎಷ್ಟು ಮಾಸಿದೆಯೆಂದು
ಅದರ ಪಕ್ಕ ನೋಡಿದ ಮೇಲೆ ತಿಳಿಯಿತು.

"ಪಟ್ಟೆ ಕಾಣುತ್ತಲ್ಲ ಹಲೀಮಕ್ಕ?"
"ಕೈ ಎತ್ತಿದ್ರೆ ಕಾಣ್ತದೆ. ಕಾಣ್ಲಿ."
"ಮತ್ತೆ ತೆಳ್ಳಗಾದರೆ?"
"ಮತ್ತೆ ಹೊಲಿತೀನಿ.
ನಾನು ಯಾವತ್ತೂ ಬಟ್ಟೆ ಕತ್ತರಿಸಿ ಎಸೆಯೋಳಲ್ಲ."
ಒಂದಕ್ಕೆ ನಲವತ್ತರಂತೆ ಆರಕ್ಕೆ ಎಣಿಸಿಕೊಟ್ಟೆ,
ಕಡುನೀಲಿಯ ಹೊಲಿಗೆಗೆ ಬೇರೆ.
ಅದರಲ್ಲೂ ಬಿಡು ಎರಡು ಬೆರಳು ಎಂದೆ.
ಅದನ್ನೂ ಹೇಳಬೇಕೇ ಎಂಬಂತೆ ನೋಡಿದಳು.

ರಾತ್ರಿ ಲೋಹಿತ್ ಹೆಗಲ ಮೇಲೆ ಮಗಳನ್ನು ತಟ್ಟುತ್ತಾ
ಬಿಲ್ಲುಗಳನ್ನು ಜೋಗುಳದ ದನಿಯಲ್ಲಿ ಓದಿದ, ನಾನು ಕೂಡಿದೆ.
ನಾಲ್ಕು ಸಾವಿರದ ನಾನೂರ ಅರವತ್ತು.
ಲಕೋಟೆ ಕೊಡವಿದರೆ ಖಾಲಿ.
"ನಲವತ್ತು ಎಲ್ಲಿ ಹೋಯ್ತು, ಕ್ಯಾಷಿಯರಮ್ಮ?"

ಎನ್.ಆರ್. ಸರ್ಕಲ್ಲಿನಲ್ಲಿ ಗಾಣದ ಗೆಜ್ಜೆ ಝಲ್ಲೆನ್ನುತ್ತಿತ್ತು.
ಬಂದ ಬಸ್ಸನ್ನು ಹೋಗಲು ಬಿಟ್ಟು
ಸೊಂಟದ ಮೇಲೆ ಯಾರೂ ಇಲ್ಲದೆ, ನಿಂತುಕೊಂಡೇ,
ಒಂದಾದ ಮೇಲೊಂದು
ಎರಡು ಲೋಟ ಕಬ್ಬಿನ ಹಾಲು
ಕುಡಿದೆ.

ಲೆಕ್ಕ ಹೊಂದದೆ ಮಲಗಿದವಳಲ್ಲ ನಾನು.
ಪೆನ್ನು ತೆಗೆದು ಬರೆದೆ:
ಇತರೆ, ೪೦.