ಎಡಭುಜ ಅರ್ಧ ಇಂಚು

ಲಷ್ಕರ್ ಮೊಹಲ್ಲಾದ ಈ ಅಂಗಡಿಯಲ್ಲಿ
ಅಳತೆ ಪುಸ್ತಕ ಹದಿನಾಲ್ಕನೆಯದು,
ಪುಟ ನೂರ ಆರು: ಮಂಟೇಶ, ಕಿರುಗಾವಲು.
ಎದೆ ಮೂವತ್ತೆರಡು, ಸೊಂಟ ಇಪ್ಪತ್ತಾರು,
ತೋಳು, ಕಾಲರು. ಕೆಳಗೆ ನನ್ನದೇ ಸೊಟ್ಟಕ್ಷರ:
ಎಡಭುಜ ಅರ್ಧ ಇಂಚು ಇಳಿಕೆ.

ಎನ್‌ಸಿಸಿ ಹುಡುಗ. ಕನ್ನಡಿ ಮುಂದೆ
ಉಸಿರು ಬಿಗಿಹಿಡಿದು ನಿಂತಿದ್ದ.
ಬಿಡಪ್ಪಾ ಉಸಿರು, ಎಂದೆ. ಉಬ್ಬಿಸಿದ ಎದೆಗೆ ಹೊಲಿದರೆ
ಊಟಕ್ಕೆ ಕೂತಾಗ ಅಂಗಿ ನಗುತ್ತೆ.
ಭುಜ ಯಾಕೆ ಹೀಗೆ?
‘ಸೊಪ್ಪಿನ ಮೂಟೆ, ಮಾಸ್ತರೇ.
ರೇಷ್ಮೆಹುಳ ನಾಲ್ಕನೇ ಜ್ವರ ಎದ್ದ ಮೇಲೆ
ಹಗಲು ರಾತ್ರಿ ಅಂತಿಲ್ಲ, ತಿಂತಾನೇ ಇರ್ತವೆ.’

ಎಡಕ್ಕೆ ಒಂದು ಪದರ ಕ್ಯಾನ್ವಾಸು ಹೆಚ್ಚಿಟ್ಟೆ.
ಕವಾಯತಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಅದೇ ಪುಟದಲ್ಲಿ ಕಾಟು, ಕಾಟಿನ ಮೇಲೆ ಕಾಟು:
ಮೂವತ್ತೆರಡು ಹೊಡೆದು ಮೂವತ್ತಾರು,
ಮೂವತ್ತಾರು ಹೊಡೆದು ಮೂವತ್ತೊಂಬತ್ತು.
ಭುಜದ ಮೇಲೆ ನಕ್ಷತ್ರ ಒಂದು, ಎರಡು, ಮೂರು,
ಆಮೇಲೆ ನಕ್ಷತ್ರ ತೆಗೆದು ಸಿಂಹ.
ಅರ್ಧ ಇಂಚು ಮಾತ್ರ ಹಾಗೇ ಇತ್ತು.

ಕೊನೆಯ ಸಲ ಬಂದಾಗ ಬರೀ ಒಂದು ಜುಬ್ಬ.
‘ದಕ್ಷಿಣ ಸುಡಾನಿಗೆ ಹಾಕಿದಾರೆ, ಮಾಸ್ತರೇ.
ಅಲ್ಲೂ ಒಂದು ದೊಡ್ಡ ನದಿ. ನೀಲಿ ಟೋಪಿ ಅವರೇ ಕೊಡ್ತಾರೆ.
ಜುಬ್ಬಕ್ಕೆ ಕ್ಯಾನ್ವಾಸು ಬೇಡ,
ಭುಜ ಇದ್ದ ಹಾಗೇ ಇರಲಿ.’
ಮುಂಗಡ ಮುನ್ನೂರು, ಬಾಕಿ ಇನ್ನೂರು.

ಎರಡು ಬಣಗಳ ಜಗಳದ ನಡುವೆ
ನೀರಿನ ಲಾರಿ ದಾಟಿಸುತ್ತಿದ್ದನಂತೆ.
ಯಾರ ಗುಂಡು, ಯಾರ ಮೇಲಿನ ಸಿಟ್ಟು,
ಪೇಪರಿನಲ್ಲಿ ಇರಲಿಲ್ಲ. ಊರ ಹೆಸರನ್ನೂ
ತಪ್ಪು ಹಾಕಿದ್ದರು: ಕಿರಗಾವಲಿ.
ಅವತ್ತು ಒಂದು ಗುಂಡಿ ಹಾಕಲು
ಮೂರು ಸಲ ದಾರ ಪೋಣಿಸಿದೆ.

ಆರು ತಿಂಗಳಿಗೆ ಶಿಲ್ಪಿಯೊಬ್ಬ ಬಂದ.
‘ಪ್ರತಿಮೆ ಮಾಡ್ತಿದೀವಿ, ಫೋಟೋದಲ್ಲಿ ಬರೀ ಮುಖ ಇದೆ.
ಅಳತೆ ನಿಮ್ಮ ಹತ್ರ ಇರುತ್ತಂತೆ.’
ಪುಟ ತೆಗೆದು ಓದಿದೆ. ಬರೆದುಕೊಂಡ.
ಕೊನೇ ಸಾಲಿಗೆ ಪೆನ್ನು ನಿಲ್ಲಿಸಿದ.
‘ಪ್ರತಿಮೆಗೆ ಇದೆಲ್ಲ ಆಗಲ್ಲ ಯಜಮಾನರೇ,
ಜನ ನನ್ನ ಉಳಿಗೆ ಬೈತಾರೆ.’

ಮಳವಳ್ಳಿ ಬಸ್ಸು ಹತ್ತಿ ಹೋಗಿದ್ದೆ ಉದ್ಘಾಟನೆಗೆ.
ಚೆನ್ನಾಗಿದೆ, ಸುಳ್ಳು ಹೇಳಬಾರದು.
ಮೂಗು ಅವನದೇ. ಮೀಸೆಯೂ.
ಮಂತ್ರಿಗಳ ಹಾರ ಎರಡು ಭುಜಕ್ಕೂ ಸಮನಾಗಿ ಕೂತಿತ್ತು,
ಅವನ ಮೈಮೇಲಾಗಿದ್ದರೆ ಎಡಕ್ಕೆ ಜಾರಿ
ಅವನು ಅದನ್ನು ಸರಿಪಡಿಸಿಕೊಳ್ಳುತ್ತಿದ್ದ,
ಹೆಬ್ಬೆರಳಲ್ಲಿ, ಯಾರಿಗೂ ಕಾಣದ ಹಾಗೆ.

ಜುಬ್ಬ ಇನ್ನೂ ಇಲ್ಲೇ ಇದೆ.
ಇಸ್ತ್ರಿ ಮಾಡಿ ಮಾಡಿ ನೇತುಹಾಕಿದರೂ
ಎಡ ಹೆಗಲಿಗೆ ಸುಕ್ಕು.
ಪ್ಲಾಸ್ಟಿಕ್ ಹ್ಯಾಂಗರಿಗೆ ಎರಡು ಕಡೆಯೂ ಒಂದೇ ಎತ್ತರ.

ನಿನ್ನೆ ಗುಜರಿಯಿಂದ ತಂತಿಯದೊಂದು ತಂದು
ಎಡತುದಿ ಇಕ್ಕಳದಲ್ಲಿ ಬಗ್ಗಿಸಿದೆ,
ಟೇಪು ಹಿಡಿದು ನೋಡಿ,
ಇನ್ನೊಂದು ಚೂರು.