ಏಳನೇ ಗುಳಿ, ಜನವರಿ

ಊಟಿ. ಬೆಳಗಿನ ಆರೂವರೆ.
ಹುಲ್ಲಿನ ಮೇಲೆ ಪುಡಿ ಉಪ್ಪು ಚೆಲ್ಲಿದ ಹಾಗೆ ಹಿಮ.
ಬಿಸಿಲೇರುವ ತನಕ ಯಾರೂ ಕಾಲಿಡಕೂಡದು,
ತುಳಿದ ಗರಿಕೆ ಮಧ್ಯಾಹ್ನಕ್ಕೆ ಕರಿ ಕಟ್ಟುತ್ತದೆ.

ನಾವು ಐದು ಜನ, ಗುಂಡ್ಲುಪೇಟೆ ಕಡೆಯವರು,
ಶೆಡ್ಡಿನ ಬಾಗಿಲಲ್ಲಿ ಕೂತು
ಜರಡಿ ಹಿಡಿದ ಮರಳನ್ನೇ ಮತ್ತೆ ಜರಡಿ ಹಿಡಿಯುತ್ತೇವೆ.
ಚಿಕ್ಕತಾಯಿ ಯಂತ್ರದ ಹಲ್ಲಿಗೆ ಎಣ್ಣೆ ಬಿಡುತ್ತಾಳೆ.
ಇವತ್ತು ನೆಲಕ್ಕೆ ತೂತು ಹೊಡೆಯುವ ದಿನ,
ಬೇರಿಗೂ ಉಸಿರು ಬೇಕಂತೆ.

ಎಂಟೂಮುಕ್ಕಾಲಿಗೆ ಹಿಮ ಇಳಿಯಿತು.
ಏಳನೇ ಗುಳಿಯ ಸುತ್ತ ಹನ್ನೊಂದು ಹೆಜ್ಜೆ,
ನಿನ್ನೆ ನಸುಕಿನವು,
ಸೀದ ದೋಸೆಯ ಬಣ್ಣ.

ಮೇಸ್ತ್ರಿ ಬೆಳ್ಳಿರಾಜ್ ನಮ್ಮ ಕಾಲು ನೋಡಿದ, ಒಬ್ಬೊಬ್ಬರದೂ.
ನನ್ನ ಹವಾಯಿ ಚಪ್ಪಲಿ ಮಗುಚಿ ಅಳೆದ.
ಆಮೇಲೆ ಕುಕ್ಕರುಗಾಲಲ್ಲಿ ಕೂತು
ಹೆಜ್ಜೆಯೊಳಗಿನ ಮೊಳೆಗುರುತು ಎಣಿಸಿದ:
ಒಂಬತ್ತು.
ಮೊಳೆಬೂಟು ಯಾರದೆಂದು
ಸಂಜೆ ಬೂಟು ಒರೆಸುವ ಚಿಕ್ಕತಾಯಿಗೆ ಗೊತ್ತು.
ಅವಳು ಎಣ್ಣೆ ಬಿಡುತ್ತಲೇ ಇದ್ದಳು.

"ಕಾಟಿ ಬಂದಿತ್ತು ಅಂತ ಬರ್ಕೋ" ಅಂದ ಮೇಸ್ತ್ರಿ.
ಬರೆದೆ.
ಎಷ್ಟು ಕಾಲಿನ ಕಾಟಿ ಅನ್ನೋದಕ್ಕೆ
ರಿಜಿಸ್ಟರಿನಲ್ಲಿ ಜಾಗವಿಲ್ಲ.

ಸುಟ್ಟ ಹುಲ್ಲು ಕೊರೆದು ತೆಗೆದೆವು,
ಪಾತಿಯ ಹುಲ್ಲು ಬಿಲ್ಲೆ ಬಿಲ್ಲೆಯಾಗಿ ಕೂರಿಸಿ
ಮೇಲೆ ಮರಳು ಬಳಿದೆವು.
ಹನ್ನೊಂದನೆಯದಕ್ಕೆ ಸಾಲಲಿಲ್ಲ.
ಬಾವುಟದ ಕೋಲಿನ ಬುಡದಲ್ಲಿ
ಅದು ಹಾಗೇ ಇದೆ,
ಒಂಬತ್ತು ಮೊಳೆ ಸಮೇತ.